ಮೆಣಸಿನಕಾಯಿಗೆ ನೀರು

ಒಣಮೆಣಸಿನಕಾಯಿಗೆ ನೀರು ಹೊಡೆಯೋದು ತಪ್ಪಾ? ಊಟಕ್ಕೆ ಕೂತಾಗ ಕೇಳಿದರೆ ಯಾರಾದರೂ ‘ತಪ್ಪಲ್ದೆ ಮತ್ತೇನು’ ಅಂತಾರೆ. ಕಣದಲ್ಲಿ ನಿಂತು ಕೇಳಿದರೆ ಅಷ್ಟು ಬೇಗ ಉತ್ತರ ಬರಲ್ಲ.

ನಮ್ಮ ಕಾಕಾ ಕುಂದಗೋಳ ತಾಲ್ಲೂಕಿನ ಎರಿ (ಕಪ್ಪು ಮಣ್ಣಿನ) ಹೊಲದಲ್ಲಿ ಡಬ್ಬಿ ಮೆಣಸಿನಕಾಯಿ ಬೆಳೆಯುತ್ತಾರೆ. ಮೈ ಸುಕ್ಕು, ಬಣ್ಣ ಜಾಸ್ತಿ, ಖಾರ ಕಮ್ಮಿ. 2011ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕ ಬ್ಯಾಡಗಿ ಮೆಣಸಿನಕಾಯಿ ಅಂದರೆ ಇದೇ. ನಾನು ಹುಬ್ಬಳ್ಳಿಯಲ್ಲಿ ಲೆಕ್ಕ ಬರೆಯುವವನು. ಮಾಲು ಮಾರಲು ಹೋಗುವಾಗ ಜೊತೆಗೆ ಓದಿದವನೊಬ್ಬ ಇರಲಿ ಅಂತ ಕಾಕಾ ಕರೆದಿದ್ದರು.

ಹಿಂದಿನ ಸಂಜೆ ಚೀಲ ತುಂಬುವ ಮೊದಲು ಕಾಕು ಕೊಡದಲ್ಲಿ ನೀರು ತಂದು, ಬೇವಿನ ಟೊಂಗೆ ಅದ್ದಿ ರಾಶಿಯ ಮೇಲೆ ಚಿಮುಕಿಸತೊಡಗಿದರು. ನಾನು ಮುಖ ನೋಡಿದೆ. “ಹಂಗ್ಯಾಕ ನೋಡ್ತಿ? ಗರಿಗರಿ ಆಗ್ಯಾವ. ಹಿಂಗ ತುಂಬಿದ್ರ ಪುಡಿ ಆಗ್ತಾವ” ಅಂದರು. ಒಂದು ಕಾಯಿ ಎತ್ತಿ ಕೈಯಲ್ಲಿ ಒತ್ತಿದೆ. ಪಟ್ ಅಂತ ಒಡೆದು ಬೀಜ ಉದುರಿತು. ನೀರು ಬಿದ್ದ ಕಡೆಯದನ್ನು ಸ್ವಲ್ಪ ಹೊತ್ತು ಬಿಟ್ಟು ಒತ್ತಿದರೆ ಬಾಗಿತು, ಒಡೆಯಲಿಲ್ಲ. ಕಾಕು ಹೇಳಿದ್ದು ನಿಜ. ಒಡೆದ ಕಾಯಿಗೆ ಪೇಟೆಯಲ್ಲಿ ದರ ಇಲ್ಲ.

ಆದರೆ ಪಕ್ಕದ ಕಣದಲ್ಲಿ ಔಷಧಿ ಹೊಡೆಯುವ ಪಂಪು ಸದ್ದು ಮಾಡುತ್ತಿತ್ತು. ಅಲ್ಲೂ ನೀರೇ. ಟೊಂಗೆಯಿಂದ ಹೊಡೆದರೆ ಮೆತ್ತಗಾಗಲಿಕ್ಕೆ, ಪಂಪಿನಿಂದ ಹೊಡೆದರೆ ತೂಕಕ್ಕೆ. ಎಷ್ಟು ನೀರಿಗೆ ಒಂದು ಇನ್ನೊಂದಾಗುತ್ತೆ? ಕಾನೂನಿನಲ್ಲಿ ಒಂದು ಗೆರೆ ಇದೆ: ಇಡಿ ಮೆಣಸಿನಕಾಯಿಯಲ್ಲಿ ತೇವಾಂಶ ಶೇ 11 ದಾಟಬಾರದು. ಕಣದಲ್ಲಿ ಅದನ್ನು ಅಳೆಯುವವರು ಯಾರು! ಅಲ್ಲಿ ಇರೋದು ಕಾಕುವಿನ ಕೈ ಮಾತ್ರ.

ಬ್ಯಾಡಗಿಯಲ್ಲಿ ಸೋಮವಾರ ಮತ್ತು ಗುರುವಾರ ಮೆಣಸಿನಕಾಯಿ ಪೇಟೆ. ಮೋಟೆಬೆನ್ನೂರಿನಲ್ಲಿ ಹೆದ್ದಾರಿ ಬಿಟ್ಟು ಒಳಗೆ ತಿರುಗಿದರೆ ಸಾಕು, ಮೂಗಿಗೆ ಘಾಟು ಬಡಿಯುತ್ತೆ. ಬೆಳಗಾಗುವಷ್ಟರಲ್ಲಿ ದಲಾಲಿ ಅಂಗಡಿಗಳ ಮುಂದೆ ಚೀಲಗಳು ಬಾಯಿ ತೆರೆದು ಸಾಲಾಗಿ ನಿಂತಿದ್ದವು. ಖರೀದಿದಾರರು ಒಂದೊಂದು ಲಾಟಿಗೂ, ಅಂದರೆ ಒಬ್ಬೊಬ್ಬ ರೈತನ ಚೀಲಗಳ ಸಾಲಿಗೂ, ಬಂದು ಕಾಯಿ ಮುರಿದು, ಬಣ್ಣ ನೋಡಿ, ಮೂಸಿ, ಮುಂದಕ್ಕೆ ಹೋಗುತ್ತಿದ್ದರು. ದರ ಬರುವುದು ಖರೀದಿದಾರರು ಬರೆದು ಹಾಕುವ ಟೆಂಡರಿನಲ್ಲಿ. ಅಲ್ಲಿವರೆಗೆ ಚಹಾ ಕುಡಿಯುತ್ತಾ ಕಾಯೋದೇ ಕೆಲಸ.

ನಮ್ಮ ಲಾಟಿಗೆ ಕ್ವಿಂಟಲಿಗೆ 18,000 ಬಂತು. ಪಕ್ಕದ ಕಣದವನದ್ದು 17,600. ಕಾಕಾ ಖುಷಿಯಾಗಿದ್ದರು. ನಾನು ಸುಮ್ನೆ ಲೆಕ್ಕ ಹಾಕಿದೆ. ಅವನದ್ದು ಒಣಗಿದ್ದಾಗ ಐದು ಕ್ವಿಂಟಲ್ ಇತ್ತು, ತೂಕದಲ್ಲಿ ಮೂವತ್ತು ಕಿಲೋ ಜಾಸ್ತಿ ಬಂದಿತ್ತು. ನಮ್ಮ ದರ ಸಿಕ್ಕಿದ್ದರೂ ಒಣ ಮಾಲಿಗೆ ಅವನಿಗೆ 90,000 ಬರುತ್ತಿತ್ತು. ನೀರು ಹೊಡೆದು, ದರ ಕಮ್ಮಿಯಾಗಿಯೂ 93,280 ಬಂತು.

ನನಗೆ ಸಿಟ್ಟು ತರಿಸಿದ್ದು ಆ ಮೂರು ಸಾವಿರ ಅಲ್ಲ. ಖರೀದಿದಾರನೇನು ದಡ್ಡನಾ? ಪೇಟೆಗೆ ಬರುವ ಮಾಲಿನಲ್ಲಿ ಇಷ್ಟು ನೀರು ಇದ್ದೇ ಇರುತ್ತೆ ಅಂತ ಲೆಕ್ಕ ಹಿಡಿದೇ ದರ ಬರೆಯುತ್ತಾನೆ. ಹಾಗಾಗಿ ಪಂಪು ಹೊಡೆದವನಿಗೆ ಅದು ಸರಿಹೋಗುತ್ತೆ. ಹೊಡೆಯದ ಕಾಕಾನ ದರದಲ್ಲಿ, ಇಲ್ಲದ ನೀರಿಗೂ ಕಡಿತ. ನೀರು ಹೊಡೆದ ಮಾಲು ಕೊನೆಗೆ ಯಾರ ಅಡುಗೆಮನೆಗೋ ಹೋಗುತ್ತೆ. ತೇವ ಉಳಿದ ಕಾಯಿಗೆ ಬೂಷ್ಟು ಹಿಡಿದರೆ ಅದರಲ್ಲಿ ಅಫ್ಲಾಟಾಕ್ಸಿನ್ ಅನ್ನುವ ವಿಷ ಹುಟ್ಟಬಹುದು. ಪುಡಿ ಮಾಡಿದ ಮೇಲೆ ಕಣ್ಣಿಗೆ ಕಾಣಲ್ಲ.

ದುಡ್ಡು ಎಣಿಸುವಾಗ ಇನ್ನೊಂದು ಕಥೆ. ಗುಮಾಸ್ತ ಒಂದು ಬಿಳಿ ಚೀಟಿ ಕೊಟ್ಟ. ನಮ್ಮ ನಾಲ್ಕು ಕ್ವಿಂಟಲಿಗೆ 72,000, ಅದರಲ್ಲಿ ಹಮಾಲಿ ಕಳೆದು, ಆಮೇಲೆ ದಲಾಲಿ ಅಂತ ಶೇ 3, ಅಂದರೆ 2,160 ರೂಪಾಯಿ ಕಳೆದಿದ್ದ. ಕರ್ನಾಟಕದಲ್ಲಿ ದಲಾಲಿ ಕೊಡಬೇಕಾದ್ದು ಕೊಳ್ಳುವವನು, ಬೆಳೆದವನಲ್ಲ. ಎಪಿಎಂಸಿ (ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿ) ನಿಯಮ ಅದೇ. “ಅಚ್ಚು ಹಾಕಿದ ಪಟ್ಟಿ ಕೊಡ್ರಿ” ಅಂದೆ.

ಗುಮಾಸ್ತ ನಕ್ಕ. “ಸರ, ರೈತ್ರು ನೀರು ಹೊಡದು ತರ್ತಾರ. ಅದನ್ನ ನಾವು ಕೇಳ್ತೀವೇನ್ರಿ?”

ಮಾತು ಚೆನ್ನಾಗಿದೆ ಅಲ್ವಾ? ರೈತ ನೀರು ಹೊಡೆಯುತ್ತಾನೆ ಅಂತ ದಲಾಲ ಕಡಿಯುತ್ತಾನೆ, ದಲಾಲ ಕಡಿಯುತ್ತಾನೆ ಅಂತ ರೈತ ನೀರು ಹೊಡೆಯುತ್ತಾನೆ. ಎದುರಿನವನ ತಪ್ಪು ಇರುವ ತನಕ ಇಬ್ಬರಿಗೂ ರಾತ್ರಿ ನಿದ್ದೆ ಬರುತ್ತೆ. 2024ರ ಮಾರ್ಚ್ 11ರಂದು ದರ ಕುಸಿದಾಗ ರೈತರ ಸಿಟ್ಟಿಗೆ ಎಪಿಎಂಸಿ ಕಚೇರಿ, ವಾಹನಗಳು ಹೊತ್ತಿ ಉರಿದದ್ದು ಇದೇ ಪೇಟೆಯಲ್ಲಿ. ಬೆಂಕಿ ಹಚ್ಚಿದ್ದು ಸರಿ ಅಂತ ನಾನು ಹೇಳಲ್ಲ. ಆದರೆ ಯಾರ ಲೆಕ್ಕವನ್ನೂ ಯಾರೂ ನಂಬದ ಕಡೆ ದರ ಬಿದ್ದರೆ, ಅದು ನಿಜಕ್ಕೂ ಬಿದ್ದಿದ್ದು ಅಂತ ಯಾರಿಗೆ ಹೇಳಿ ನಂಬಿಸ್ತೀರಿ?

ನಾನು ಬಿಡಲಿಲ್ಲ. ಇನ್ನೊಂದು ಮಾತು ಆಡುವಷ್ಟರಲ್ಲಿ ಕಾಕಾ ನನ್ನ ತೋಳು ಹಿಡಿದು ಹೊರಗೆ ಕರೆದುಕೊಂಡು ಬಂದರು.

“ನೀ ಹೇಳೂದು ಖರೆ ಐತಿ. ಆದ್ರ ತಂಗಿ ಮದುವಿಗೆ ಬ್ಯಾಂಕಿನವ್ರು ಕಾಗದ ಕೇಳಿದ್ರು. ಈ ಮನಷ್ಯಾ ರಾತ್ರಿ ಫೋನ್ ಮಾಡಿದ್ಕ ಮುಂಜಾನೆ ರೊಕ್ಕ ಕೊಟ್ಟ. ಬಡ್ಡೀನೂ ಕೇಳಿಲ್ಲ.”

“ಬಡ್ಡಿ ಕೇಳಿಲ್ಲ ಕಾಕಾ, ಚೀಟಿಯಾಗ ಹಿಡಕೊಂಡಾನ. ಎಷ್ಟು ವರ್ಷದಿಂದ ಹಾಕ್ತೀಯಿ ಇಲ್ಲಿ?”

ಕಾಕಾ ಉತ್ತರ ಕೊಡಲಿಲ್ಲ. ದಲಾಲನ ಉಪಕಾರ ಸುಳ್ಳಲ್ಲ, ಅದನ್ನು ಒಪ್ಪುತ್ತೇನೆ. ಬ್ಯಾಂಕಿಗಿಂತ ಮೊದಲು ಬಾಗಿಲು ತೆಗೆದವನು ಅವನು. ಆದರೆ ಬಡ್ಡಿ ಅಂತ ಬರೆದಿದ್ದರೆ ಎಷ್ಟು ತೀರಿತು, ಎಷ್ಟು ಉಳಿಯಿತು ಅಂತ ಕೇಳಬಹುದಿತ್ತು. ಉಪಕಾರಕ್ಕೆ ಕಂತು ಎಷ್ಟು ಅಂತ ಕೇಳೋದು ಹೇಗೆ?

ಮತ್ತೆ ಒಳಗೆ ಹೋದೆವು. ಗುಮಾಸ್ತ ಬೇಸರದಿಂದಲೇ ತೂಕ ಮತ್ತು ದರ ಇರುವ ಪಟ್ಟಿ ಅಚ್ಚು ಹಾಕಿ ಕೊಟ್ಟ. ದಲಾಲಿಯ 2,160 ಮಾತ್ರ ಅದರಲ್ಲಿ ಬರಲಿಲ್ಲ, ವಾಪಸ್ಸೂ ಬರಲಿಲ್ಲ. ಅದು ಬಿಳಿ ಚೀಟಿಯಲ್ಲೇ ಉಳಿಯಿತು. ಕಾಕಾ ಎರಡನ್ನೂ ಮಡಚಿ ಅಂಗಿ ಕಿಸೆಗೆ ಹಾಕಿಕೊಂಡರು.

ಹಾವೇರಿ ದಾಟಿದ ಮೇಲೆ ಗಾಡಿಯಲ್ಲಿ ಕಾಕಾ ತಾವೇ ಮಾತು ತೆಗೆದರು. “ಅವನ ರೊಕ್ಕ ಇನ್ನ ನಲವತ್ತು ಸಾವಿರ ಐತಿ. ಅದನ್ನ ಸೊಸೈಟ್ಯಾಗ ತಗೊಂಡು ತೀರಿಸಿದ್ರ, ಬಡ್ಡಿ ಎಷ್ಟಾಗ್ತೈತಿ ನೋಡು.”

ಮೊಬೈಲು ತೆಗೆದು ಲೆಕ್ಕ ಶುರು ಮಾಡಿದೆ.