ಫೋನ್ ಕೊಟ್ಟಾಗ ಬಂದವರು, ಉಪ್ಪಿನಕಾಯಿ ಕೊಟ್ಟಾಗ ಬಂದವರು

ನಾನು ಕೆಲಸ ಮಾಡುವುದು ಶಿವಮೊಗ್ಗದ ಒಂದು ಸಣ್ಣ ಉಪ್ಪಿನಕಾಯಿ ಕಂಪನಿಯಲ್ಲಿ. ಅಪ್ಪೆಮಿಡಿ, ನಿಂಬೆ, ಜೊತೆಗೆ ಹಲಸಿನ ಹಪ್ಪಳ, ಚಟ್ನಿಪುಡಿ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ನೋಡಿಕೊಳ್ಳುವುದು ನನ್ನ ಕೆಲಸ. ಆರ್ಡರ್ ಜಾಸ್ತಿ ಇದ್ದ ದಿನ ಬಾಟಲಿಗೆ ಲೇಬಲ್ ಅಂಟಿಸುವುದೂ ನನ್ನ ಕೆಲಸವೇ. ಓನರ್‌ಗೆ ಐವತ್ತು ದಾಟಿದೆ. ನಾವೆಲ್ಲ ಅವರನ್ನು ಅಕ್ಕ ಅಂತಲೇ ಕರೆಯುತ್ತೇವೆ.

2022ರ ಯುಗಾದಿಗೆ ಒಂದು ತಿಂಗಳಿದೆ ಅನ್ನುವಾಗ ಅಕ್ಕನಿಗೆ ಯಾರೋ ಹೇಳಿದರು, ಒಂದು ಬಟ್ಟೆ ಅಂಗಡಿಯವರು ಇನ್‌ಸ್ಟಾಗ್ರಾಮ್‌ನಲ್ಲಿ ಸ್ಪರ್ಧೆ ಇಟ್ಟು ಹತ್ತು ಸಾವಿರ ಫಾಲೋವರ್ಸ್ ಮಾಡಿಕೊಂಡರಂತೆ ಅಂತ. "ನಾವೂ ಒಂದು ಇಡೋಣ ಮಾರಾಯ್ತಿ. ಏನಾದ್ರೂ ದೊಡ್ಡದು ಕೊಡೋಣ" ಅಂದರು. ದೊಡ್ಡದು ಅಂದಾಗ ನನಗೆ ಹೊಳೆದದ್ದು ಮೊಬೈಲ್. 14,000 ರೂಪಾಯಿಯ ಫೋನ್ ತಂದೆವು. ಪೋಸ್ಟರ್‌ನಲ್ಲಿ ಫೋನಿನ ಚಿತ್ರ ಇಷ್ಟಗಲ, ಉಪ್ಪಿನಕಾಯಿ ಬಾಟಲಿ ಮೂಲೆಯಲ್ಲಿ ಬೆರಳುದ್ದ. ಆಗಲೇ ನನಗೆ ಗೊತ್ತಾಗಬೇಕಿತ್ತು.

ನಿಯಮ ಅಂತ ನಾನು ಬರೆದದ್ದು ಮೂರೇ ಸಾಲು. ಪೇಜ್ ಲೈಕ್ ಮಾಡಿ, ಐದು ಜನ ಸ್ನೇಹಿತರನ್ನು ಟ್ಯಾಗ್ ಮಾಡಿ, ಈ ಪೋಸ್ಟನ್ನು ನಿಮ್ಮ ಟೈಮ್‌ಲೈನ್‌ನಲ್ಲಿ ಶೇರ್ ಮಾಡಿ. ಎಲ್ಲರೂ ಹಾಗೇ ಬರೆಯುತ್ತಾರಲ್ಲ, ನಾನೂ ಬರೆದೆ. ಎರಡೂ ಕಡೆ ಅದೇ ಪೋಸ್ಟ್ ಹಾಕಿದೆ. ಇನ್‌ಸ್ಟಾಗ್ರಾಮ್‌ನಲ್ಲಿ ನಮಗಿದ್ದ ಫಾಲೋವರ್ಸ್ 3,100. ಹತ್ತು ದಿನದಲ್ಲಿ 11,400 ಆಯಿತು. ಅಕ್ಕ ದಿನಾ ಬೆಳಗ್ಗೆ ಬಂದು ಮೊದಲು ನನ್ನ ಸ್ಕ್ರೀನ್ ನೋಡಿ, ಆಮೇಲೆ ಮಸಾಲೆ ಕೋಣೆಗೆ ಹೋಗುತ್ತಿದ್ದರು.

ಕಾಮೆಂಟ್‌ಗಳನ್ನು ನಾನು ಎಣಿಸುತ್ತಿದ್ದೆ, ಓದುತ್ತಿರಲಿಲ್ಲ. ಒಂದು ದಿನ ಕೂತು ಓದಿದೆ. ಬರೀ "ಡನ್, ಡನ್, ಡನ್". ಬರೆದವರ ಪ್ರೊಫೈಲ್ ತೆಗೆದು ನೋಡಿದರೆ ಒಂದು ಫೋಟೋ ಇಲ್ಲ, ಒಂದು ಮಾತಿಲ್ಲ. ಇರುವುದೆಲ್ಲ ಬೇರೆ ಬೇರೆ ಕಂಪನಿಗಳ ಸ್ಪರ್ಧೆಗಳೇ. ಪ್ರೆಷರ್ ಕುಕ್ಕರ್, ಹೆಡ್‌ಫೋನ್, ಗೋವಾ ಟ್ರಿಪ್, ಈಗ ನಮ್ಮ ಫೋನ್. ಬಹುಮಾನ ಬೇಟೆಯೇ ಅವರ ಹವ್ಯಾಸ. ಅದರಲ್ಲಿ ತಪ್ಪೇನೂ ಇಲ್ಲ, ಆದರೆ ಅವರಲ್ಲಿ ಎಷ್ಟೋ ಜನಕ್ಕೆ ಕನ್ನಡವೇ ಬಾರದು. ಅಪ್ಪೆಮಿಡಿ ಅಂದರೆ ಊರಿನ ಹೆಸರು ಅಂದುಕೊಂಡಿರಬೇಕು.

ಅದೇ ವಾರ ನಮ್ಮದೇ ಲೋಗೋ ಹಾಕಿಕೊಂಡು ಇನ್ನೊಂದು ಖಾತೆ ಹುಟ್ಟಿಕೊಂಡಿತು. ಹೆಸರಿನ ಕೊನೆಯಲ್ಲಿ ಒಂದು ಅಡ್ಡಗೆರೆ ಜಾಸ್ತಿ, ಅಷ್ಟೇ ವ್ಯತ್ಯಾಸ. ನಮ್ಮ ಪೋಸ್ಟಿಗೆ ಕಾಮೆಂಟ್ ಹಾಕಿದವರಿಗೆಲ್ಲ ಅಲ್ಲಿಂದ ಮೆಸೇಜ್ ಹೋಗುತ್ತಿತ್ತು: ನೀವು ಫೋನ್ ಗೆದ್ದಿದ್ದೀರಿ, ಕೊರಿಯರ್ ಖರ್ಚು 499 ರೂಪಾಯಿ ಈ ಕ್ಯೂಆರ್‌ಗೆ ಹಾಕಿ. ನಮಗೆ ಇದು ಗೊತ್ತಾದದ್ದು ಒಬ್ಬ ಹಿರಿಯರು ಅಂಗಡಿಗೆ ಫೋನ್ ಮಾಡಿ "ಅಮ್ಮಾ, ದುಡ್ಡು ಹಾಕಿ ಮೂರು ದಿನ ಆಯ್ತು, ಫೋನ್ ಯಾವಾಗ ಬರುತ್ತೆ?" ಅಂತ ಕೇಳಿದಾಗ. ನನಗೆ ಕೈಕಾಲು ಆಡಲಿಲ್ಲ. ಖಾತೆಯನ್ನು ರಿಪೋರ್ಟ್ ಮಾಡಿದೆವು, ಅವರಿಗೆ ಸೈಬರ್ ಸಹಾಯವಾಣಿ 1930ಕ್ಕೆ ದೂರು ಕೊಡಲು ಹೇಳಿದೆವು. ಆ 499 ರೂಪಾಯಿಯನ್ನು ಅಕ್ಕ ತಾವೇ ಕಳಿಸಿದರು. ನಮ್ಮ ತಪ್ಪಲ್ಲ ಅಂತ ನಾನು ಅಂದೆ. "ನಮ್ಮ ಅಂಗಡಿ ಹೆಸರು ನಂಬಿ ಹಾಕಿದ್ದಲ್ವಾ" ಅಂದರು.

ಯುಗಾದಿ ದಿನ ಡ್ರಾ ಮಾಡಿದೆವು. ಭದ್ರಾವತಿಯ ಒಬ್ಬ ಹುಡುಗ ಗೆದ್ದ. ಫೋನ್ ಪ್ಯಾಕ್ ಮಾಡುವ ಮೊದಲು ಅಕ್ಕ ಯಾವುದೋ ಬಿಲ್ಲಿನ ವಿಷಯಕ್ಕೆ ಆಡಿಟರ್ ಹತ್ತಿರ ಮಾತಾಡುತ್ತಾ ಇದನ್ನೂ ಹೇಳಿದರು. ಅವರು ಆ ಕಡೆಯಿಂದ "ತಡೀರಿ, ತಡೀರಿ" ಅಂದರಂತೆ. ಲಾಟರಿ, ಲಕ್ಕಿ ಡ್ರಾಗಳ ಬಹುಮಾನ 10,000 ರೂಪಾಯಿ ದಾಟಿದರೆ 30% ತೆರಿಗೆ ಹಿಡಿದು ಕಟ್ಟಬೇಕು. ಆದಾಯ ತೆರಿಗೆ ಕಾಯ್ದೆಯ 194ಬಿ ಅಂತ ಆಗ ಅದರ ನಂಬರ್. ದುಡ್ಡಿನ ಬಹುಮಾನವಾದರೆ ಅದರಲ್ಲೇ ಮುರಿದುಕೊಳ್ಳಬಹುದು. ಫೋನನ್ನು ಹೇಗೆ ಮುರಿಯುವುದು? ಹಾಗಾಗಿ ವಸ್ತುವನ್ನು ಕೈಗೆ ಕೊಡುವ ಮೊದಲೇ ತೆರಿಗೆ ಕಟ್ಟಿ ಆಗಿರಬೇಕು. 14,000ಕ್ಕೆ 4,200.

ಈಗ ನಾನು ಆ ಹುಡುಗನಿಗೆ ಫೋನ್ ಮಾಡಿ ಏನು ಹೇಳಬೇಕು? "ನಮಸ್ಕಾರ, ನೀವು ಬಹುಮಾನ ಗೆದ್ದಿದ್ದೀರಿ. ನಿಮ್ಮ ಪ್ಯಾನ್ ನಂಬರ್ ಕೊಡಿ, 4,200 ರೂಪಾಯಿ ಕಟ್ಟಿ." ಹೇಳುತ್ತಾ ಹೇಳುತ್ತಾ ನನಗೇ ನನ್ನ ಮೇಲೆ ಅನುಮಾನ ಬಂತು. ಅವನು ಪೂರ್ತಿ ಕೇಳಲೂ ಇಲ್ಲ. "ನಿನ್ನೆ 499 ಕೇಳಿದ್ರಿ, ಇವತ್ತು ರೇಟ್ ಜಾಸ್ತಿ ಆಯ್ತಾ? ಪೊಲೀಸ್‌ಗೆ ಕೊಡ್ತೀನಿ" ಅಂತ ಬೈದು ಇಟ್ಟ. ಎರಡು ಸಲ ಮಾಡಿದರೂ ಎತ್ತಲಿಲ್ಲ. ಕೊನೆಗೆ ಅವನ ಮಾವ ಅಂಗಡಿಗೇ ಬಂದು, ಬೋರ್ಡ್ ನೋಡಿ, ಅಕ್ಕನನ್ನು ನೋಡಿ, ಒಂದು ಬಾಟಲಿ ನಿಂಬೆ ಉಪ್ಪಿನಕಾಯಿ ಕೊಂಡು, ಆಮೇಲೆ ನಂಬಿದರು. ಅವರಿಂದ ದುಡ್ಡು ತೆಗೆದುಕೊಳ್ಳಲು ಅಕ್ಕನಿಗೆ ಮನಸ್ಸಾಗಲಿಲ್ಲ, ನಾವೇ ಕಟ್ಟುತ್ತೇವೆ ಅಂದುಬಿಟ್ಟರು. ಹಾಗೆ ಕಟ್ಟಿದರೆ ಆ ತೆರಿಗೆಯೂ ಬಹುಮಾನದೊಳಗೇ ಸೇರುತ್ತದೆ ಅಂದರು ಆಡಿಟರ್. ಫೋನಿನ 14,000, ತೆರಿಗೆ 6,000, ಎರಡೂ ಸೇರಿ ಬಹುಮಾನ 20,000 ಅಂತ ಲೆಕ್ಕ. ಅದರ 30% ಆ 6,000.

ಒಂದು ತಿಂಗಳಾದ ಮೇಲೆ ನೋಡಿದರೆ ಫಾಲೋವರ್ಸ್ ಎಂಟು ಸಾವಿರದ ಕೆಳಗೆ ಇಳಿದಿದ್ದರು. ಉಳಿದವರೂ ನಮ್ಮ ಪೋಸ್ಟ್ ನೋಡುವವರಲ್ಲ. ಸ್ಪರ್ಧೆಯ ಜೊತೆ ಒಂದು ಕೂಪನ್ ಕೋಡ್ ಕೊಟ್ಟಿದ್ದೆವು. ಅದನ್ನು ಬಳಸಿ ಬಂದ ಆರ್ಡರ್ ಒಂಬತ್ತು. ಅದರಲ್ಲಿ ಮೂರು ಅಕ್ಕನ ನೆಂಟರದು.

ಆಮೇಲೆ, ಎಲ್ಲ ಮುಗಿದ ಮೇಲೆ, ನಾನು ಫೇಸ್‌ಬುಕ್‌ನ ನಿಯಮ ಓದಿದೆ. ಮೊದಲೇ ಓದಬೇಕಿತ್ತು, ಗೊತ್ತು. ನನ್ನ ಮೂರು ಸಾಲೂ ತಪ್ಪು! ಟೈಮ್‌ಲೈನ್‌ನಲ್ಲಿ ಶೇರ್ ಮಾಡಿದರೆ ಮಾತ್ರ ಸ್ಪರ್ಧೆಗೆ ಪ್ರವೇಶ ಅನ್ನುವಂತಿಲ್ಲ. ಸ್ನೇಹಿತರನ್ನು ಟ್ಯಾಗ್ ಮಾಡಿದರೆ ಪ್ರವೇಶ ಅನ್ನುವಂತಿಲ್ಲ. ಪೇಜ್ ಲೈಕ್ ಮಾಡಿದವರಿಗೆ ಮಾತ್ರ ಅನ್ನುವುದು 2014ರ ನವೆಂಬರ್‌ನಿಂದಲೇ ನಿಂತಿದೆ. ಪೋಸ್ಟನ್ನು ಲೈಕ್ ಮಾಡಲು, ಕಾಮೆಂಟ್ ಹಾಕಲು ಹೇಳಬಹುದು. ಆದರೆ ಸುಮ್ನೆ "ಲೈಕ್ ಮಾಡಿ, ಶೇರ್ ಮಾಡಿ" ಅಂತ ಗೋಗರೆಯುವ ಪೋಸ್ಟ್‌ಗಳನ್ನು ಕಡಿಮೆ ಜನಕ್ಕೆ ತೋರಿಸುತ್ತೇವೆ ಅಂತ 2017ರ ಡಿಸೆಂಬರ್‌ನಲ್ಲಿ ಫೇಸ್‌ಬುಕ್ಕೇ ಹೇಳಿದೆ. ಇನ್‌ಸ್ಟಾಗ್ರಾಮ್‌ನಲ್ಲಿ ಫೋಟೋದಲ್ಲಿ ಇಲ್ಲದವರನ್ನು ಆ ಫೋಟೋಗೆ ಟ್ಯಾಗ್ ಮಾಡಿಸುವಂತಿಲ್ಲ. ಎರಡೂ ಕಡೆ, ಈ ಸ್ಪರ್ಧೆಗೂ ಫೇಸ್‌ಬುಕ್‌ಗೂ ಇನ್‌ಸ್ಟಾಗ್ರಾಮ್‌ಗೂ ಸಂಬಂಧವಿಲ್ಲ, ಇದರ ಹೊಣೆ ಪೂರ್ತಿ ನಮ್ಮದು ಅಂತ ಬರೆಯಲೇಬೇಕು. ಎಲ್ಲರೂ ಮಾಡುತ್ತಾರೆ ಅಂತ ಮಾಡಿದ್ದಕ್ಕೆ ಪೇಜ್ ಹೋಗಿದ್ದರೆ ಐದು ವರ್ಷದ ಕೆಲಸ ಹೋಗುತ್ತಿತ್ತು.

ಮುಂದಿನ ವರ್ಷ ಸ್ಪರ್ಧೆ ಅಂದಾಗ ಅಕ್ಕ ಕೈ ಮುಗಿದರು. ನಾನೇ ಹಟ ಹಿಡಿದೆ. ಈ ಸಲ ನಾನು ಕೇಳಿಕೊಂಡ ಪ್ರಶ್ನೆ ಒಂದೇ: ನಮ್ಮ ಗಿರಾಕಿಗೆ ಬೇಕು, ಬೇರೆ ಯಾರಿಗೂ ಬೇಡ ಅನ್ನುವಂಥ ಬಹುಮಾನ ಯಾವುದು? ಉತ್ತರ ಕಪಾಟಿನಲ್ಲೇ ಇತ್ತು. ವರ್ಷವಿಡೀ ತಿಂಗಳಿಗೊಂದು ಬಾಟಲಿ ಅಪ್ಪೆಮಿಡಿ ಉಪ್ಪಿನಕಾಯಿ. ಒಟ್ಟು ಬೆಲೆ ಹೆಚ್ಚುಕಡಿಮೆ 4,200. ಹೌದು, ಆ ಹುಡುಗನ ಹತ್ತಿರ ಕೇಳಿದ ತೆರಿಗೆಯಷ್ಟೇ.

ಕೆಲಸವೂ ಸ್ವಲ್ಪ ಕಷ್ಟದ್ದು ಕೊಟ್ಟೆವು. ನಿಮ್ಮ ಮನೆಯ ಹಳೆಯ ಉಪ್ಪಿನಕಾಯಿ ಭರಣಿಯ ಫೋಟೋ ತೆಗೆಯಿರಿ, ಅದರ ಬಗ್ಗೆ ನಾಲ್ಕು ಸಾಲು ಬರೆಯಿರಿ. "ಡನ್" ಅನ್ನುವವರ್ಯಾರೂ ಭರಣಿ ಹುಡುಕಿಕೊಂಡು ಅಟ್ಟ ಹತ್ತುವುದಿಲ್ಲ. ಮಿಡಿ ಬರುವ ಹೊತ್ತು ನೋಡಿ ಮಾರ್ಚ್‌ನಲ್ಲಿ ಇಟ್ಟೆವು, ಆಗ ಮನೆಗಳಲ್ಲಿ ಭರಣಿ ಹೊರಗೆ ಬಂದಿರುತ್ತದೆ. ಬಂದದ್ದು 143 ಫೋಟೋ. ಹಿಂದಿನ ವರ್ಷ ಸಾವಿರಗಟ್ಟಲೆ ಕಾಮೆಂಟ್ ನೋಡಿದ್ದ ಅಕ್ಕ "ಇಷ್ಟೇನಾ?" ಅಂದರು. ಆಮೇಲೆ ಆ ನಾಲ್ಕು ನಾಲ್ಕು ಸಾಲು ಓದಲು ಕೂತವರು ಮಧ್ಯಾಹ್ನದ ಊಟಕ್ಕೆ ಏಳಲಿಲ್ಲ. ಒಬ್ಬರ ಮನೆಯಲ್ಲಿ ಅಣ್ಣತಮ್ಮಂದಿರು ಪಾಲಾದಾಗ ಭರಣಿ ಯಾರಿಗೆ ಅನ್ನುವುದಕ್ಕೇ ಜಗಳವಾಗಿತ್ತಂತೆ. ನ್ಯೂಜೆರ್ಸಿಯಲ್ಲಿರುವ ಒಬ್ಬರು ಭರಣಿಯನ್ನು ಸೀರೆಯಲ್ಲಿ ಸುತ್ತಿ ವಿಮಾನದಲ್ಲಿ ಮಡಿಲಲ್ಲೇ ಇಟ್ಟುಕೊಂಡು ಹೋಗಿದ್ದರಂತೆ. ಅವರ ಫೋಟೋ ಕೊನೆಯ ದಿನ ಮುಗಿದ ಮೇಲೆ ಬಂತು. ಅವರ ಲೆಕ್ಕದಲ್ಲಿ ಅದು ಇನ್ನೂ ಭಾನುವಾರವೇ! ಆವತ್ತಿನಿಂದ ದಿನಾಂಕದ ಜೊತೆ ಗಂಟೆಯನ್ನೂ, ಭಾರತೀಯ ಕಾಲಮಾನ ಅಂತಲೂ ಬರೆಯುತ್ತೇನೆ. ಬಹುಮಾನಕ್ಕೆ ಭಾರತದ ವಿಳಾಸ ಇರಬೇಕು ಅಂತಲೂ. ಎಣ್ಣೆ ಸೋರುವ ಬಾಟಲಿಯನ್ನು ಹೊರದೇಶಕ್ಕೆ ಕಳಿಸಿದವರಿಗೆ ಕಾರಣ ಗೊತ್ತಿರುತ್ತದೆ.

ಆದರೂ ಒಂದು ಕಡೆ ಎಡವಿದೆ. ಜಾಸ್ತಿ ಲೈಕ್ ಬಂದ ಫೋಟೋಗೆ ಬಹುಮಾನ ಅಂತ ಬರೆದಿದ್ದೆ. ಎರಡು ದಿನ ಅರವತ್ತು ಎಪ್ಪತ್ತು ಲೈಕ್‌ನಲ್ಲಿದ್ದ ಒಂದು ಫೋಟೋಗೆ ಒಂದೇ ರಾತ್ರಿ 1,800 ಲೈಕ್ ಬಿತ್ತು. ಹಾಕಿದ ಖಾತೆಗಳಿಗೆ ಮುಖವಿಲ್ಲ, ಹೆಸರು ಯಾವ ದೇಶದ್ದೋ. ದುಡ್ಡು ಕೊಟ್ಟು ತರಿಸಿದ ಲೈಕ್ ಅಂತ ಯಾರಿಗಾದರೂ ಗೊತ್ತಾಗುತ್ತದೆ. ಆದರೆ ತರಿಸಿದ್ದು ಇವರೇ ಅಂತ ಹೇಗೆ ಹೇಳುವುದು? ಉಳಿದವರು ಕಾಮೆಂಟ್‌ನಲ್ಲಿ ಕೂಗಾಡತೊಡಗಿದರು. ನಿಯಮ ಬದಲಾಯಿಸಿಬಿಡೋಣ ಅಂತ ನನಗೆ ಅನಿಸಿತ್ತು. ಬದಲಾಯಿಸಲಿಲ್ಲ. ಆಟ ಶುರುವಾದ ಮೇಲೆ ಗೆರೆ ಅಳಿಸಿ ಬರೆದರೆ ಮುಂದಿನ ಸಲ ಯಾರೂ ಬರುವುದಿಲ್ಲ. ಹೇಳಿದ ಮಾತಿನಂತೆ ಆ ಫೋಟೋಗೇ ಬಹುಮಾನ ಕೊಟ್ಟೆವು. ಅಷ್ಟೇ ಬೆಲೆಯ ಇನ್ನೊಂದನ್ನು ನಮ್ಮ ಮೆಚ್ಚುಗೆಯದು ಅಂತ ಬೇರೆ ಕೊಟ್ಟೆವು. ಖರ್ಚು ಎರಡರಷ್ಟಾಯಿತು.

ಈಗ ಲೈಕ್ ಲೆಕ್ಕವೇ ಇಲ್ಲ. ಮೂರು ಜನ ಕೂತು ಆರಿಸುತ್ತಾರೆ: ಅಕ್ಕನ ಅತ್ತೆ, ಒಬ್ಬ ನಿವೃತ್ತ ಕನ್ನಡ ಮೇಷ್ಟ್ರು, ಪ್ಯಾಕಿಂಗ್ ವಿಭಾಗದ ಒಬ್ಬರು. ಫೋಟೋಗೆ 40 ಅಂಕ, ಬರೆದದ್ದಕ್ಕೆ 60. ಅದನ್ನು ಮೊದಲೇ ಹೇಳಿರುತ್ತೇವೆ. 2024ರಲ್ಲಿ ಗೆದ್ದ ಫೋಟೋ ಮಬ್ಬು ಮಬ್ಬಾಗಿತ್ತು. ಭರಣಿಯ ಬಾಯಿಗೆ ಬಿಳಿ ಬಟ್ಟೆ ಕಟ್ಟಿ, ಅದರ ಮೇಲೆ ಒಂದು ಚೀಟಿ, ಮಗುವಿನ ಕೈಬರಹ: "ಒದ್ದೆ ಕೈಯಲ್ಲಿ ಮುಟ್ಟಬಾರದು. ಅಜ್ಜಿ ಆರ್ಡರ್." ಅಕ್ಕನ ಅತ್ತೆ ಅದಕ್ಕೆ ನೂರಕ್ಕೆ ನೂರು ಕೊಟ್ಟರು.

ಬಂದ ಫೋಟೋಗಳನ್ನು ಗೂಗಲ್ ಲೆನ್ಸ್‌ನಲ್ಲಿ ಒಮ್ಮೆ ಹುಡುಕುತ್ತೇನೆ, ಇಂಟರ್ನೆಟ್‌ನಿಂದ ಎತ್ತಿದ ಫೋಟೋ ಒಂದೆರಡು ಸಿಕ್ಕೇ ಸಿಗುತ್ತವೆ. ನಾವು ಮುಂದೆ ಬಳಸಿಕೊಳ್ಳಲು ಅನುಮತಿಯನ್ನೂ ನಿಯಮದಲ್ಲೇ ಕೇಳಿರುತ್ತೇನೆ. ಗೆದ್ದವರಿಗೆ ಮೆಸೇಜ್ ಬರುವುದು ಈ ಖಾತೆಯಿಂದ ಮಾತ್ರ, ಒಂದು ರೂಪಾಯಿಯನ್ನೂ ಕೇಳುವುದಿಲ್ಲ ಅಂತ ಪೋಸ್ಟರ್‌ನ ಮೇಲೆಯೇ ದಪ್ಪಗೆ ಬರೆಯುತ್ತೇನೆ. ಧೈರ್ಯವಾಗಿ ಹಾಗೆ ಬರೆಯಬಹುದು, ಯಾಕೆಂದರೆ ಹತ್ತು ಸಾವಿರದ ಗೆರೆಯ ಹತ್ತಿರ ನಾವು ಮತ್ತೆ ಹೋಗಿಲ್ಲ. ನೌಕರರು, ಅವರ ಮನೆಯವರು ಭಾಗವಹಿಸುವಂತಿಲ್ಲ. "ನೆಂಟರು" ಅಂತ ಬರೆದಿಲ್ಲ. ಮಲೆನಾಡಿನಲ್ಲಿ ಹಾಗೆ ಬರೆದರೆ ಸ್ಪರ್ಧೆಗೆ ಜನವೇ ಉಳಿಯುವುದಿಲ್ಲ.

ಫಲಿತಾಂಶವನ್ನು ಸ್ಪರ್ಧೆ ಪ್ರಕಟಿಸಿದ ಜಾಗದಲ್ಲೇ ಹಾಕುತ್ತೇನೆ, ಅದೂ ಪೋಸ್ಟ್ ಆಗಿ. 24 ಗಂಟೆಗೆ ಮಾಯವಾಗುವ ಸ್ಟೋರಿಯಲ್ಲಿ ಅಲ್ಲ. ಬಹುಮಾನದ ಯೋಜನೆ ಇಟ್ಟು ಕೊನೆಗೆ ಫಲಿತಾಂಶ ಮುಚ್ಚಿಡುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಅನ್ನುತ್ತದೆ. ಇದನ್ನು ಹೇಳಿಕೊಟ್ಟದ್ದು ನಮ್ಮಲ್ಲಿ ಹಪ್ಪಳ ಕೊಳ್ಳುವ ಒಬ್ಬ ವಕೀಲರು. ಉಪ್ಪಿನಕಾಯಿ ಹೆಸರಿನ ಅಕ್ಷರ ಕಲಸಿ, ಪದ ಜೋಡಿಸುವ ಆಟ ಇಡಬೇಕು ಅಂತ ನಾನು ಒಮ್ಮೆ ಹೊರಟಿದ್ದೆ. ಅಕ್ಷರ, ಪದ ಜೋಡಿಸುವ ಒಗಟಿನ ಬಹುಮಾನಗಳಿಗೆ 1955ರದ್ದೇ ಒಂದು ಕಾಯ್ದೆ ಇದೆ, ತಿಂಗಳಿಗೆ ಒಟ್ಟು ಬಹುಮಾನ 1,000 ರೂಪಾಯಿ ದಾಟುವಂತಿಲ್ಲ ಅಂತ ಅವರೇ ನಗುತ್ತಾ ತಡೆದರು. ಆ ಕಾಲದಲ್ಲಿ ಪದಬಂಧದ ಹುಚ್ಚು ಎಷ್ಟಿತ್ತೆಂದರೆ ಅಂಥ ಒಂದು ಸ್ಪರ್ಧೆಯ ಕೇಸು ಸುಪ್ರೀಂ ಕೋರ್ಟ್‌ವರೆಗೆ ಹೋಗಿ 1957ರಲ್ಲಿ ತೀರ್ಪು ಬಂತಂತೆ. ಆ ಸ್ಪರ್ಧೆ ಅಚ್ಚಾಗುತ್ತಿದ್ದ ಪತ್ರಿಕೆ ನಮ್ಮ ಬೆಂಗಳೂರಿನದ್ದು.

ಭರಣಿ ಸ್ಪರ್ಧೆಯ ಮೊದಲ ವರ್ಷ ಹೊಸದಾಗಿ ಬಂದ ಫಾಲೋವರ್ಸ್ ಆರುನೂರು ಚಿಲ್ಲರೆ. ಕೂಪನ್ ಬಳಸಿ ಬಂದ ಆರ್ಡರ್ 87. ಈಗ ಅಕ್ಕ ನನ್ನ ಸ್ಕ್ರೀನ್ ನೋಡಲು ಬಂದರೆ ಎರಡನೇ ನಂಬರನ್ನೇ ಕೇಳುತ್ತಾರೆ.

ಭಾಗವಹಿಸಿದ ಎಲ್ಲರ ಹೆಸರಿನ ಚೀಟಿ ಹಾಕಿ, ಐದು ಜನಕ್ಕೆ ಸಮಾಧಾನಕರ ಬಹುಮಾನವನ್ನೂ ಕೊಡುತ್ತೇವೆ. ಕಂಪ್ಯೂಟರ್ ಆರಿಸಿದರೆ ಜನ ಅನುಮಾನ ಪಡುತ್ತಾರೆ. ಭರಣಿಯೊಳಗೆ ಚೀಟಿ ಹಾಕಿ ಲೈವ್‌ನಲ್ಲಿ ಎತ್ತಿದರೆ ಯಾರೂ ಸೊಲ್ಲೆತ್ತುವುದಿಲ್ಲ. ಕಳೆದ ವರ್ಷ ಹಾಗೆ ಗೆದ್ದ ಒಬ್ಬ ಹೆಂಗಸು ಮೆಸೇಜ್‌ಗೆ ಉತ್ತರ ಕೊಡಲೇ ಇಲ್ಲ. ಏಳು ದಿನದೊಳಗೆ ಉತ್ತರ ಬಾರದಿದ್ದರೆ ಬೇರೆಯವರಿಗೆ ಅಂತ ನಿಯಮ ಇದೆ. ಎಂಟನೇ ದಿನ ಇನ್ನೊಂದು ಚೀಟಿ ಎತ್ತಿ ಕಳಿಸಿಬಿಟ್ಟೆ. ಹನ್ನೊಂದನೇ ದಿನ ಅವರ ಮೆಸೇಜ್ ಬಂತು. ಮನೆ ಶರಾವತಿ ಹಿನ್ನೀರಿನ ಆಚೆ, ನೆಟ್‌ವರ್ಕ್ ಇಲ್ಲ, ಪೇಟೆಗೆ ಬಂದಾಗಲೇ ನೋಡಿದ್ದು, ತಡವಾಯಿತು, ತೊಂದರೆಯಿಲ್ಲ ಅಂತ ಬರೆದಿದ್ದರು.

ನಾನು ಅಕ್ಕನಿಗೆ ನಿಯಮ ತೋರಿಸಿದೆ. ಒಬ್ಬರಿಗೆ ಬಿಟ್ಟರೆ ಎಲ್ಲರೂ ಕೇಳುತ್ತಾರೆ ಅಂದೆ. ಅಕ್ಕ ಕಪಾಟಿನಿಂದ ಒಂದು ಬಾಟಲಿ ತೆಗೆದು ನನ್ನ ಟೇಬಲ್ ಮೇಲೆ ಇಟ್ಟರು.

"ನಿಯಮ ನಿಂದು, ಉಪ್ಪಿನಕಾಯಿ ನಂದು. ವಿಳಾಸ ಬರೆ."