ಹಾಪ್ಸ್ ಅಲ್ರೀ, ಹಾವೇರಿ ಏಲಕ್ಕಿ

ನಾವಿರುವ ಲಿಬೆರೆಟ್ಸ್ ಚೆಕ್ ದೇಶದ ಉತ್ತರದ ತುದಿಯಲ್ಲಿದೆ. ಪಕ್ಕದ ಊರು ಯಾಬ್ಲೊನೆಟ್ಸ್. ಗಾಜಿನ ಮಣಿಗೆ ಹೆಸರಾದ ಊರು. ಸ್ವಾತಂತ್ರ್ಯಕ್ಕಿಂತ ಮುಂಚೆ ನಮ್ಮ ದೇಶಕ್ಕೆ ಗಾಜಿನ ಬಳೆ, ಮಣಿ ಇಲ್ಲಿಂದ ಹಡಗಿನಲ್ಲಿ ಬರುತ್ತಿದ್ದವು. ಆಗ ಊರಿಗೆ ಗಾಬ್ಲೊನ್ಸ್ ಅನ್ನುತ್ತಿದ್ದರು, ಜರ್ಮನ್ ಮಾತಾಡುವವರೇ ಜಾಸ್ತಿ ಇದ್ದರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅವರನ್ನು ಹೊರಗೆ ಹಾಕಿದರು. ಅವರು ಬವೇರಿಯಾಕ್ಕೆ ಹೋಗಿ ನೊಯ್‌ಗಾಬ್ಲೊನ್ಸ್ ಅಂತ ಹೊಸ ಊರು ಕಟ್ಟಿ, ಅಲ್ಲೂ ಇದೇ ಕೆಲಸ ಹಿಡಿದರು. ಕೈಕಸುಬು ಗೊತ್ತಿದ್ದವರು ಎಲ್ಲಿ ಹೋದರೂ ಬದುಕುತ್ತಾರೆ ಬಿಡಿ.

ಇಲ್ಲಿ ಮಣಿ ಕೆಲಸದ ಹವ್ಯಾಸಿಗಳ ಸಣ್ಣ ಗುಂಪೊಂದಿದೆ. ನಿವೃತ್ತ ಟೀಚರ್, ನರ್ಸ್, ಬಸ್ ಓಡಿಸುವ ಒಬ್ಬರು, ಜೊತೆಗೆ ನಾನು. ಮಾರುವುದಕ್ಕೆ ಅಂತ ಯಾರೂ ಮಾಡುವುದಿಲ್ಲ. ವರ್ಷಕ್ಕೊಂದು ಸ್ಪರ್ಧೆ ಇಡುತ್ತಾರೆ. ಒಂದು ವಿಷಯ ಕೊಡುತ್ತಾರೆ, ಅದರ ಮೇಲೆ ಆಭರಣ ಮಾಡಬೇಕು. ಹೆಚ್ಚಿನ ಪಾಲು ಗಾಜಿನ ಮಣಿ ಇರಬೇಕು, ಡಿಸೈನ್ ಸ್ವಂತದ್ದಾಗಬೇಕು, ಮೈಮೇಲೆ ಹಾಕಿಕೊಳ್ಳಲು ಬರಬೇಕು. ಕಳೆದ ಸಲದ ವಿಷಯ ‘ಸುಗ್ಗಿ’.

ಇಲ್ಲಿಯ ಸುಗ್ಗಿ ಅಂದರೆ ಸೆಪ್ಟೆಂಬರ್, ಅಕ್ಟೋಬರ್. ಸೇಬು, ಪ್ಲಮ್, ಕಾಡಿನ ಅಣಬೆ. ಅಣಬೆ ಹುಡುಕಲು ಬುಟ್ಟಿ ಹಿಡಿದು ಕಾಡಿಗೆ ಹೋಗುವುದು ಇವರಿಗೆ ಹಬ್ಬ ಇದ್ದಂತೆ. ಹಾಗಾಗಿ ಅಣಬೆಯ ಓಲೆಗಳು ರಾಶಿ ಬೀಳುತ್ತವೆ ಅಂತ ಮೊದಲೇ ಗೊತ್ತಿತ್ತು. ಬಿದ್ದವು ಕೂಡ.

ನನಗೆ ಮೊದಲು ಹೊಳೆದದ್ದು ಬ್ಯಾಡಗಿ ಮೆಣಸಿನಕಾಯಿ. ಹಾವೇರಿ ಜಿಲ್ಲೆಯವರಿಗೆ ಬೇರೇನು ಹೊಳೆಯಬೇಕು? ಆದರೆ ಬ್ಯಾಡಗಿಯ ಅಂದ ಇರುವುದೇ ಅದರ ಸುಕ್ಕಿನಲ್ಲಿ. ಮಣಿ ನುಣ್ಣಗೆ ಹೊಳೆಯುತ್ತದೆ. ಸುಕ್ಕಿಲ್ಲದಿದ್ದರೆ ಅದು ಯಾವ ಊರಿನ ಮೆಣಸಿನಕಾಯಿಯಾದರೂ ಆಗಬಹುದು. ಬಿಟ್ಟೆ. ಏಲಕ್ಕಿ ಹಾರ ಹಿಡಿದೆ.

ಗೊತ್ತಿಲ್ಲದವರಿಗೆ ಹೇಳಬೇಕು. ಏಲಕ್ಕಿ ಹಾವೇರಿಯಲ್ಲಿ ಬೆಳೆಯುವುದಿಲ್ಲ, ಮಲೆನಾಡಿನಿಂದ ಬರುತ್ತದೆ. ಆದರೆ ಏಲಕ್ಕಿ ಕಾಯಿಯ ಹಾರ ಮಾಡುವುದರಲ್ಲಿ ಹಾವೇರಿಯದ್ದೇ ಹೆಸರು. ಹೂವಿನ ಹಾರ ಸಂಜೆಗೆ ಬಾಡುತ್ತದೆ, ಇದು ವರ್ಷಗಟ್ಟಲೆ ಇರುತ್ತದೆ. ಊರಿಗೆ ದೊಡ್ಡವರು ಬಂದರೆ ಕೊರಳಿಗೆ ಇದೇ. 2023ರ ಜನವರಿಯಲ್ಲಿ ಸಾಹಿತ್ಯ ಸಮ್ಮೇಳನ ಹಾವೇರಿಯಲ್ಲೇ ಆಯಿತಲ್ಲ, ಆಗ ಟಿವಿಯಲ್ಲಿ ನೋಡಿರುತ್ತೀರಿ.

ಅವ್ವನಿಗೆ ಫೋನಿನಲ್ಲಿ ಹೇಳಿದೆ. “ಏಲಕ್ಕಿ ಹಾರಾನ ಗಾಜಿನ ಮಣೀಲೆ ಮಾಡ್ತಿ? ವಾಸ್ನಿ ಎಲ್ಲಿಂದ ತರ್ತೀಯವಾ?” ಅಂದಳು. ಒಳ್ಳೆಯ ಪ್ರಶ್ನೆ. ಅದು ತಲೆಯಲ್ಲಿ ಉಳಿಯಿತು.

ಏಲಕ್ಕಿ ಕಾಯಿಗೆ ಮೂರು ಮೂಲೆ. ಒಡೆದು ನೋಡಿ, ಒಳಗೂ ಮೂರು ಭಾಗ. ಮಣಿ ಹೆಣಿಗೆಗೆ ಇದು ವರ. ಮೂರು ಮಣಿಯಿಂದ ಶುರು ಮಾಡಿ, ಸುತ್ತು ಸುತ್ತಿಗೆ ಮೂರು ಮೂಲೆಯಲ್ಲಿ ಮಾತ್ರ ಮಣಿ ಹೆಚ್ಚಿಸುತ್ತಾ ಹೋದರೆ ಮುಕ್ಕೋಣದ ಟೊಳ್ಳು ಕಾಯಿ ತಾನಾಗಿ ಏಳುತ್ತದೆ. ಆಮೇಲೆ ಅದೇ ಮೂಲೆಗಳಲ್ಲಿ ಇಳಿಸಬೇಕು. ಈ ಹೆಣಿಗೆಗೆ ಪೆಯೋಟಿ ಅನ್ನುತ್ತಾರೆ. ಗೋಡೆಯ ಇಟ್ಟಿಗೆಯ ಹಾಗೆ ಒಂದು ಮಣಿಯ ಸಂದಿನಲ್ಲಿ ಇನ್ನೊಂದು ಕೂರುತ್ತದೆ. ದಾರ ಮೀನು ಹಿಡಿಯುವ ಗಾಳದ್ದು. ಗಾಜಿನ ಅಂಚಿಗೆ ಅದು ಬೇಗ ಹರಿಯುವುದಿಲ್ಲ.

ಮಣಿಯ ಅಳತೆ ತಿರುಗುಮುರುಗು. ನಂಬರ್ ಜಾಸ್ತಿಯಾದಷ್ಟೂ ಮಣಿ ಚಿಕ್ಕದು. 11 ನಂಬರ್ ಸುಮಾರು 2 ಮಿಲಿಮೀಟರ್, 15 ಇನ್ನೂ ಸಣ್ಣದು. ಜಪಾನಿನ ಮಣಿ ಒಂದರ ಪಕ್ಕ ಒಂದು ಅಳೆದಿಟ್ಟಂತೆ ಇರುತ್ತದೆ. ಚೆಕ್ ಮಣಿಯಲ್ಲಿ ಸ್ವಲ್ಪ ಹೆಚ್ಚುಕಡಿಮೆ. ಏಲಕ್ಕಿಗೆ ಆ ಹೆಚ್ಚುಕಡಿಮೆಯೇ ಬೇಕಾಗಿತ್ತು, ಗಿಡದಲ್ಲಿ ಬಿಟ್ಟದ್ದು ಎಲ್ಲಾ ಒಂದೇ ಅಚ್ಚಿನಲ್ಲಿ ಇರುತ್ತದೆಯೇ? ಬಣ್ಣವೂ ಮಂಕು ಹಸಿರು. ಹೊಳೆಯುವ ಹಸಿರು ಹಾಕಿದ್ದರೆ ದ್ರಾಕ್ಷಿ ಆಗುತ್ತಿತ್ತು.

ಮಣಿ ಕೊಳ್ಳುವವರಿಗೆ ಇಲ್ಲೊಂದು ಮಾತು. ಗಾಜಿನಲ್ಲೇ ಬಣ್ಣ ಇರುವುದು ಬೇರೆ, ಮೇಲೆ ಬಳಿದದ್ದು ಬೇರೆ. ಬಳಿದದ್ದು ಬೆವರಿಗೆ, ಬಿಸಿಲಿಗೆ ಹೋಗುತ್ತದೆ. ಹತ್ತಿಗೆ ನೇಲ್ ಪಾಲಿಶ್ ರಿಮೂವರ್ ಹಚ್ಚಿ ಎರಡು ಮಣಿ ಒರೆಸಿ ನೋಡಿ. ತಿಂಗಳುಗಟ್ಟಲೆ ಕೂತು ಹೆಣೆದ ಮೇಲೆ ಬಣ್ಣ ಹೋದರೆ ಯಾರನ್ನು ಬೈಯುತ್ತೀರಿ?

ಸ್ಪರ್ಧೆಯ ದಿನ ಎಲ್ಲವನ್ನೂ ಮೇಜಿನ ಮೇಲೆ ಹೆಸರಿಲ್ಲದೆ ಇಟ್ಟಿದ್ದರು. ನೋಡಿದವರೆಲ್ಲ ನನ್ನ ಹಾರವನ್ನು ಹಾಪ್ಸ್ ಅಂದುಕೊಂಡರು. ಬಿಯರಿಗೆ ಕಹಿ ಕೊಡುವ ಹಸಿರು ಗೊಂಚಲು ಅದು. ಝಾಟೆಟ್ಸ್ ಕಡೆಯ ಹಾಪ್ಸ್ ತೋಟಗಳನ್ನು ಯುನೆಸ್ಕೊ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ, ಇವರಿಗೆ ಅಷ್ಟು ಹೆಮ್ಮೆ. ತೀರ್ಪುಗಾರರಲ್ಲಿ ಒಬ್ಬರು ಮಣಿ ಕಾರ್ಖಾನೆಯಲ್ಲಿ ದುಡಿದ ಹಿರಿಯರು. ಅವರು ಮೊದಲು ಹಾರ ತಿರುವಿ ಹಿಂಭಾಗ ನೋಡಿದರು, ಕೊಂಡಿ ಎಳೆದು ನೋಡಿದರು. ಆಮೇಲೆ ಮೂಗಿನ ಹತ್ತಿರ ತಂದರು. ಅವ್ವನ ಪ್ರಶ್ನೆಗೆ ಉತ್ತರ ಅಲ್ಲಿತ್ತು. ಟೊಳ್ಳು ಕಾಯಿಗಳಲ್ಲಿ ಕೆಲವಕ್ಕೆ ನಿಜವಾದ ಏಲಕ್ಕಿ ಕಾಳು ತುಂಬಿದ್ದೆ. “ಹಾಪ್ಸ್ ಅಲ್ಲ ಇದು,” ಅಂತ ಪಕ್ಕದವರಿಗೆ ಕೊಟ್ಟರು. ಹಾರ ಕೈಯಿಂದ ಕೈಗೆ, ಮೂಗಿನಿಂದ ಮೂಗಿಗೆ ಹೋಯಿತು.

ಮೊದಲ ಬಹುಮಾನ ಬಂದದ್ದು ಪ್ಲಮ್ ಹಣ್ಣಿನ ಸರಕ್ಕೆ. ನನ್ನ ಓಟೂ ಅದಕ್ಕೇ. ಹಣ್ಣಿನ ಮೇಲಿನ ಬಿಳಿ ಮಬ್ಬನ್ನು ಹೊಳಪಿಲ್ಲದ ಮಣಿಯಲ್ಲಿ ತಂದಿದ್ದರು. ಒಂದೇ ಒಂದು ಹಣ್ಣಿನ ಮೇಲೆ ಬೆರಳು ಒರೆಸಿದಂತೆ ಒಂದು ಗೀಟು, ಅಲ್ಲಿ ಮಾತ್ರ ಹೊಳೆಯುವ ಮಣಿ. ಹಣ್ಣು ಕಿತ್ತ ಕೈ ಕಾಣಿಸಿತು ನೋಡಿ. ಅಣಬೆ ಮಾಡಿದವರು ಅಣಬೆ ಮಾಡಿದ್ದರು, ಇವರು ಸುಗ್ಗಿ ಮಾಡಿದ್ದರು.

ಇದನ್ನೆಲ್ಲ ಹುಬ್ಬಳ್ಳಿಯ ತಂಗಿಗೆ ಹೇಳಿದ್ದೇ ತಡ, ವಿದ್ಯಾನಗರದ ಗೆಳತಿಯರನ್ನು ಸೇರಿಸಿ ತಾವೂ ಸ್ಪರ್ಧೆ ಇಡುತ್ತಿದ್ದಾರೆ. ವಿಷಯ ಎಳ್ಳಮಾಸಿ, ಹೊಲದಲ್ಲಿ ಪೂಜೆ ಮಾಡಿ ಬೆಳೆಗೆ ಅಡುಗೆಯ ಚರಗ ಚೆಲ್ಲುವ ಅಮಾವಾಸ್ಯೆ. ಹೊಲ, ಚರಗ, ಸಜ್ಜಿ ರೊಟ್ಟಿ, ಜೋಳದ ತೆನೆ, ಎಷ್ಟು ಬೇಕಾದರೂ ಇದೆ. ಜಗಳ ಈಗಾಗಲೇ ಶುರು. ಒಬ್ಬರಿಗೆ ಕಸೂತಿಯ ಗೋಪುರವನ್ನು ಮಣಿ ಪಟ್ಟಿಯಲ್ಲಿ ತರಬೇಕು. “ಅದು ಸ್ವಂತ ಡಿಸೈನ್ ಹೆಂಗಾಕ್ಕೈತಿ?” ಅಂತ ಇನ್ನೊಬ್ಬರು.

ನನ್ನ ಪ್ರಕಾರ ನಡೆಯಬೇಕು. ಗೋಪುರ ಧಾರವಾಡ ಸೀಮೆಯ ಎಲ್ಲರದ್ದು. ಆದರೆ ಬಟ್ಟೆಯ ನಕ್ಷೆ ಮಣಿಗೆ ಹಾಗೇ ಕೂರುವುದಿಲ್ಲ. ಬಟ್ಟೆಯಲ್ಲಿ ಎಳೆ ಎಣಿಸಿದರೆ ಮನೆ ಚೌಕಾಗಿ ಬರುತ್ತದೆ. ಜಪಾನಿನ 11 ನಂಬರಿನ ಕೊಳವೆ ಮಣಿ ಸುಮಾರು 1.3 ಮಿಲಿಮೀಟರ್ ಉದ್ದ, 1.6 ದಪ್ಪ. ಮಗ್ಗದ ಮೇಲೆ ನೇಯ್ದರೆ ಗೋಪುರ ಎತ್ತರವಾಗಿ, ಸಣಕಲಾಗಿ ನಿಲ್ಲುತ್ತದೆ. ನಕ್ಷೆ ಮತ್ತೆ ಬರೆಯಲೇಬೇಕು. ಎಲ್ಲಿ ಸಾಲು ಬಿಡಬೇಕು, ಎಲ್ಲಿ ಅಗಲ ಮಾಡಬೇಕು ಅನ್ನುವುದು ಅವರ ಸ್ವಂತದ್ದೇ ಅಲ್ವಾ? ಹಿಂದೆ ಮುಂದೆ ಎರಡೂ ಕಡೆ ಒಂದೇ ಥರ, ಗಂಟಿಲ್ಲದೆ ಕಸೂತಿಯ ಗವಂತಿ ಹೊಲಿಗೆ ಹಾಕಿ ರೂಢಿ ಇರುವವರಿಗೆ ಹಿಂಭಾಗದ ಅಂಕಗಳಂತೂ ಗ್ಯಾರಂಟಿ.

ಹೆಸರು ಮುಚ್ಚಿಡಿ ಅಂತಲೂ ಹೇಳಿದೆ. “ಎಲ್ಲಾರ ಕೈಕೆಲಸ ಎಲ್ಲಾರಿಗೂ ಗೊತ್ತೈತಲ್ಲಕ್ಕಾ, ಮುಚ್ಚಿ ಏನ್ ಮಾಡೂದು?” ಅಂದಳು ತಂಗಿ. ಅದೂ ಖರೇನೇ. ಗದಗಿನಿಂದ ಒಬ್ಬರನ್ನು ತೀರ್ಪಿಗೆ ಕರೆಸುತ್ತಾರಂತೆ.

ಇಲ್ಲಿಂದ ಒಳ್ಳೆಯ ಮಣಿ ಕಳಿಸುತ್ತೇನೆ ಅಂದೆ. ಬೇಡವಂತೆ. ಹುಬ್ಬಳ್ಳಿಯ ದುರ್ಗದಬೈಲು ಪೇಟೆಯಲ್ಲಿ ಸಿಗುವ ಮಣಿಯಲ್ಲೇ ಮಾಡಬೇಕು, ಫಾರಿನ್ ಮಣಿ ಇದ್ದರೆ ಸ್ಪರ್ಧೆಯಿಂದ ಹೊರಗೆ ಅಂತ ಮೊದಲನೇ ನಿಯಮ ಬರೆದಾಗಿದೆ.