ಫಾರ್ಮ್ಯಾಟ್‌ಗೆ ಮುಂಚೆ ಸಿ ಡ್ರೈವ್ ಒಮ್ಮೆ ತೆರೆದು ನೋಡಿ

ವಿಂಡೋಸ್ ಹೊಸದಾಗಿ ಹಾಕುವಾಗ "ಫೈಲೆಲ್ಲ ಡಿ ಡ್ರೈವಲ್ಲಿದೆ, ಸಿ ಫಾರ್ಮ್ಯಾಟ್ ಮಾಡಿದ್ರೆ ಏನೂ ಹೋಗಲ್ಲ" ಎಂದು ನಂಬಿದವರ ಮದುವೆ ಫೋಟೋಗಳೇ ಮೊದಲು ಮಾಯವಾಗುವುದು. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಮೂರೂ ಸಾಮಾನ್ಯವಾಗಿ ಇರುವುದು ಸಿ ಡ್ರೈವಿನ ಯೂಸರ್ಸ್ ಫೋಲ್ಡರಿನಲ್ಲಿ. ಮನೆಯ ಕಂಪ್ಯೂಟರಿನಲ್ಲೇ ಅಂಗಡಿ ಲೆಕ್ಕ ಬರೆಯುವವರು ಟ್ಯಾಲಿಯ ಡೇಟಾ ಫೋಲ್ಡರ್ ಎಲ್ಲಿದೆಯೆಂದೂ ನೋಡಿಕೊಳ್ಳಬೇಕು. ಅದರ ಲೈಸೆನ್ಸನ್ನು ಮೊದಲು ಸರೆಂಡರ್ ಮಾಡಿ (ಟ್ಯಾಲಿಯಲ್ಲೇ ಮರಳಿಸಿ), ಆಮೇಲೆ ಸಿ ಅಳಿಸಿ.

ಇನ್ನು ಆ ಡಿ ಡ್ರೈವೂ ಪೂರ್ತಿ ಕ್ಷೇಮವಲ್ಲ. ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ ಡಿಸ್ಕ್ ತಾನಾಗಿ ಎನ್‌ಕ್ರಿಪ್ಟ್ ಆಗಿ, ಕೀ ಇಲ್ಲದೆ ಓದಲಾಗದಂತೆ ಬೀಗ ಬಿದ್ದಿರುವುದುಂಟು. ಹಳೆಯ ವಿಂಡೋಸ್ ಇರುವಷ್ಟು ದಿನ ಡಿ ಸದ್ದಿಲ್ಲದೆ ತೆರೆದುಕೊಳ್ಳುತ್ತದೆ. ಹೊಸದು ಬಂದ ಮೇಲೆ ಆ ಬೀಗದ, ಅಂದರೆ ಬಿಟ್‌ಲಾಕರ್‌ನ, 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಮೈಕ್ರೋಸಾಫ್ಟ್ ಖಾತೆಯಲ್ಲಿ ಅದು ಸಿಕ್ಕರೆ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಆದರೂ ಮುಖ್ಯವಾದ ಫೈಲುಗಳು ಬೇರೊಂದು ಹಾರ್ಡ್‌ಡಿಸ್ಕಿನಲ್ಲಿ ಇರಲೇಬೇಕು.

ಕನ್ನಡದವರು ಮರೆಯುವ ಇನ್ನೊಂದು ವಸ್ತು ಫಾಂಟ್. ಯೂನಿಕೋಡ್ ಅಲ್ಲದ ಹಳೇ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪಾದ ಕಡತದೊಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತಗಳೇ, ಕನ್ನಡದ ರೂಪ ಕೊಡುವುದು ಆ ಫಾಂಟ್ ಮಾತ್ರ. ಫಾಂಟ್ ಹೋದರೆ ಅರ್ಜಿಯೆಲ್ಲ ಗಜಿಬಿಜಿ. ಸಿ ಡ್ರೈವಿನ ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್‌ನಿಂದ ಅವನ್ನು ಕಾಪಿ ಮಾಡಿಡಿ.

ವಿಂಡೋಸ್ ಹಾಕಲು ಬೇಕಾದ ಪೆನ್‌ಡ್ರೈವ್ ಕನಿಷ್ಠ 8 ಜಿಬಿ ಇರಲಿ, ಅದರಲ್ಲಿರುವುದೆಲ್ಲ ಅಳಿಯುತ್ತದೆ. ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್ ಅದನ್ನು ತಯಾರು ಮಾಡಲು ಸಾಕು. ಯಾರೋ ಕೊಟ್ಟ "ಆ್ಯಕ್ಟಿವೇಟೆಡ್" ಐಎಸ್ಒ (ವಿಂಡೋಸ್‌ನ ಇನ್‌ಸ್ಟಾಲ್ ಕಡತ) ಬೇಡವೇ ಬೇಡ. ವಿಂಡೋಸ್ 8 ಅಥವಾ ಆಮೇಲಿನದರ ಜೊತೆ ಬಂದ ಲ್ಯಾಪ್‌ಟಾಪಿನಲ್ಲಿ ವಿಂಡೋಸ್‌ನ ಲೈಸೆನ್ಸ್ ಕೀ ಸಾಮಾನ್ಯವಾಗಿ ಮದರ್‌ಬೋರ್ಡಿನ ಚಿಪ್ಪಿನಲ್ಲೇ ಇರುತ್ತದೆ. ವಿಂಡೋಸ್‌ನ ಹೋಮ್ ಆವೃತ್ತಿ ಇದ್ದ ಕಡೆ ಹೋಮನ್ನೇ ಹಾಕಬೇಕು, ಪ್ರೊ ಹಾಕಿದರೆ ಆ ಕೀಯಿಂದ ಆ್ಯಕ್ಟಿವೇಟ್ ಆಗುವುದಿಲ್ಲ.

ಕಂಪ್ಯೂಟರನ್ನು ಪೆನ್‌ಡ್ರೈವಿನಿಂದ ಶುರು ಮಾಡಲು ಬೇಕಾದ ಬೂಟ್ ಮೆನುಗೆ ಆನ್ ಮಾಡಿದ ಕೂಡಲೇ ಒತ್ತಬೇಕಾದ ಕೀಲಿ: ಡೆಲ್, ಲೆನೊವೊ, ಏಸರ್‌ನಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9, ಆಸುಸ್ ಲ್ಯಾಪ್‌ಟಾಪಿನಲ್ಲಿ ಎಸ್ಕೇಪ್. ಏಸರ್‌ನಲ್ಲಿ ಕೆಲವೊಮ್ಮೆ ಬಯಾಸ್‌ಗೆ (ಯಂತ್ರದ ಮೂಲ ಸೆಟ್ಟಿಂಗಿಗೆ) ಹೋಗಿ ಎಫ್12 ಬೂಟ್ ಮೆನುವನ್ನು ಮೊದಲು ಆನ್ ಮಾಡಬೇಕಾಗುತ್ತದೆ.

ವಿಂಡೋಸ್ ಸೆಟಪ್ಪಿನಲ್ಲಿ ಡಿಸ್ಕಿನ ಪಟ್ಟಿ ಖಾಲಿ ಬಂದರೆ ಎಸ್‌ಎಸ್‌ಡಿ ಸತ್ತಿದೆ ಎಂದು ಗಾಬರಿಯಾಗಬೇಡಿ. ಇಂಟೆಲ್ 11ನೇ ಪೀಳಿಗೆಯಿಂದ ಈಚಿನ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ವಿಎಂಡಿ ಎಂಬ ವ್ಯವಸ್ಥೆ ಚಾಲೂ ಇರುತ್ತದೆ, ಅದರ ಡ್ರೈವರ್ ಇಲ್ಲದ ಸೆಟಪ್ಪಿಗೆ ಡಿಸ್ಕ್ ಕಾಣುವುದಿಲ್ಲ. ಲ್ಯಾಪ್‌ಟಾಪ್ ಕಂಪನಿಯ ತಾಣದಿಂದ ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಡ್ರೈವರ್ ಇಳಿಸಿ, ಆ ಕಡತವನ್ನು ಬಿಚ್ಚಿ (ಎಕ್ಸ್‌ಟ್ರಾಕ್ಟ್ ಮಾಡಿ), ಐಎನ್‌ಎಫ್ ಫೈಲ್ ಇರುವ ಫೋಲ್ಡರನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಲೋಡ್ ಡ್ರೈವರ್ ಒತ್ತಿ. ಬರೀ ಇಎಕ್ಸ್‌ಇ ಕಾಪಿ ಮಾಡಿದರೆ ಸೆಟಪ್ ಅದನ್ನು ಓದುವುದಿಲ್ಲ.

ಡಿಸ್ಕಿನ ಭಾಗಗಳನ್ನು ತೋರಿಸುವ ಪಾರ್ಟಿಷನ್ ಪರದೆಯಲ್ಲಿ ಸಿ, ಡಿ ಎಂಬ ಹೆಸರೇ ಇರುವುದಿಲ್ಲ, ಡಿಸ್ಕ್ 0 ಪಾರ್ಟಿಷನ್ 3 ಎಂದಷ್ಟೇ. ಕೈ ತಪ್ಪುವುದು ಇಲ್ಲೇ. ಹಳೆಯ ವಿಂಡೋಸ್ ಓಡುತ್ತಿರುವಾಗಲೇ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ಅಲ್ಲಿ ಕಾಣುವ ಪ್ರತಿಯೊಂದರ ಗಾತ್ರ ಬರೆದುಕೊಂಡಿರಬೇಕು. ಒಂದೇ ಡಿಸ್ಕಿನಲ್ಲಿ ಡಿ ಉಳಿಸಿಕೊಳ್ಳುವುದಾದರೆ ಸಿ, 100 ಎಂಬಿ ಆಸುಪಾಸಿನ ಸಿಸ್ಟಂ, ವಿಂಡೋಸ್ ತನಗಾಗಿ ಕಾದಿರಿಸಿದ 16 ಎಂಬಿಯ ಎಂಎಸ್‌ಆರ್, ವಿಂಡೋಸ್‌ನ ಸಣ್ಣ ರಿಕವರಿ, ಇಷ್ಟನ್ನು ಡಿಲೀಟ್ ಮಾಡಿ, ಸಿ ಇದ್ದ ಕಡೆ ಬಂದ ಅನ್‌ಅಲೊಕೇಟೆಡ್ ಎಂಬ ಖಾಲಿ ಜಾಗ ಆರಿಸಿ ನೆಕ್ಸ್ಟ್ ಒತ್ತಿ. ಬೇಕಾದ ಭಾಗಗಳನ್ನು ಸೆಟಪ್ಪೇ ಮಾಡಿಕೊಳ್ಳುತ್ತದೆ. ಡೆಸ್ಕ್‌ಟಾಪ್ ಕಂಪ್ಯೂಟರಿನಲ್ಲಿ ಎರಡನೇ ಹಾರ್ಡ್‌ಡಿಸ್ಕ್ ಇದ್ದರೆ ಅದರ ಸಾಟಾ ಕೇಬಲ್ ಕಿತ್ತಿಡಿ. ಇಲ್ಲವಾದರೆ ಬೂಟ್ ಫೈಲುಗಳು ಅದರೊಳಗೆ ಹೋಗಿ ಕೂರಬಹುದು, ಮುಂದೆಂದೋ ಆ ಡಿಸ್ಕ್ ತೆಗೆದ ದಿನ ವಿಂಡೋಸ್ ಏಳುವುದಿಲ್ಲ.

ಮೊದಲ ರೀಸ್ಟಾರ್ಟಿನಲ್ಲಿ ಪೆನ್‌ಡ್ರೈವ್ ತೆಗೆಯಿರಿ, ಇಲ್ಲದಿದ್ದರೆ ಸೆಟಪ್ ಮತ್ತೆ ಒಂದರಿಂದ ಶುರುವಾಗಬಹುದು. ವಿಂಡೋಸ್ 11 ಇಂಟರ್ನೆಟ್ ಕೇಳಿ ನಿಂತು ವೈಫೈ ಕಾಣದಿದ್ದರೆ ಆಂಡ್ರಾಯ್ಡ್ ಫೋನನ್ನು ಕೇಬಲ್ಲಿನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಸಾಮಾನ್ಯವಾಗಿ ಬೇರೆ ಡ್ರೈವರ್ ಬೇಕಾಗುವುದಿಲ್ಲ. ಉಳಿದ ಡ್ರೈವರ್‌ಗಳು ಹೆಚ್ಚಿನಂಶ ವಿಂಡೋಸ್ ಅಪ್‌ಡೇಟಿನಲ್ಲೇ ಬರುತ್ತವೆ. ಕೊನೆಗೆ ಭಾಷೆಯ ಸೆಟ್ಟಿಂಗಿನಲ್ಲಿ ಕನ್ನಡ ಸೇರಿಸಿ ಫೊನೆಟಿಕ್ ಕೀಬೋರ್ಡ್ ಆರಿಸಿಕೊಳ್ಳಿ. ತುಂಗಾ ಫಾಂಟ್ ಬೇಕಾದವರಿಗೆ ಅದು ಆಪ್ಷನಲ್ ಫೀಚರ್ಸ್‌ನಲ್ಲಿ ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಎಂಬ ಹೆಸರಿನಡಿ ಸಿಗುತ್ತದೆ.